ಬೆಳಕವಾಡಿಯ ಮಕ್ಕಳಿಗೆ ಇಂಗ್ಲಿಷಿನ ಕೊಡುಗೈ ಮಾತುಗಳು

ಮಳವಳ್ಳಿ ತಾಲ್ಲೂಕಿನಲ್ಲಿ, ಶಿವನಸಮುದ್ರಕ್ಕೆ ಸಮೀಪದಲ್ಲಿರುವ ಬೆಳಕವಾಡಿಯ ಕಡೆ ಒಂದು ದಿನ ಸುಮ್ಮನೆ ಜನರ ಮಾತು ಕೇಳುತ್ತ ಕೂತರೆ ಸಾಕು, ನೆರವಿಗೂ ಔದಾರ್ಯಕ್ಕೂ ಸಂಬಂಧಪಟ್ಟ ಇಂಗ್ಲಿಷ್ ಮಾತುಗಳು ಎಷ್ಟೊಂದು ಕಿವಿಗೆ ಬೀಳುತ್ತವೆ! ಭತ್ತ, ರಾಗಿ ಬೆಳೆದವರು ಸಪೋರ್ಟ್ ಪ್ರೈಸ್ ಎಷ್ಟಾಯಿತು ಎಂದು ವಿಚಾರಿಸುತ್ತಿರುತ್ತಾರೆ. ಪೈಪು, ಪಂಪ್‌ಸೆಟ್ಟಿಗೆ ಸಬ್ಸಿಡಿ ಬಂತೇ ಎಂದು ಕೇಳುವವರು ಬೇರೆ. ಬ್ಯಾಂಕಿನ ಸಾಲಕ್ಕೆ ಶ್ಯೂರಿಟಿ ಹಾಕುವವರು ಸಿಕ್ಕದೆ ಅಲೆಯುವವರೂ ಇದ್ದಾರೆ. ಊರಹಬ್ಬದ ಫ್ಲೆಕ್ಸಿನ ಅಡಿಯಲ್ಲಿ ಸ್ಪಾನ್ಸರ್ ಮಾಡಿದವರ ಫೋಟೊ ಇರುತ್ತದೆ. ಕಾಲೇಜಿಗೆ ಹೋಗುವ ಹುಡುಗಿಯ ಮನೆಯಲ್ಲಿ ಸ್ಕಾಲರ್‌ಶಿಪ್ಪಿನ ಮಾತು. ಅಕ್ಷರ ಕಲಿಯದ ಅಜ್ಜಿಯರೂ ಈ ಪದಗಳನ್ನು ತಡವರಿಸದೆ ಆಡುತ್ತಾರೆ.

ಆದರೆ ಈ ಮಾತುಗಳು ನಮ್ಮ ಹಳ್ಳಿಗಳಿಗೆ ಬಂದದ್ದು ಅರ್ಜಿ ನಮೂನೆಗಳ ಮೂಲಕ, ಕಚೇರಿಯ ಕಿಟಕಿಯ ಮೂಲಕ. ಹೀಗಾಗಿ ಅವುಗಳ ಬೆನ್ನಿಗೆ ಒಂದು ಕಾಯುವಿಕೆ, ಒಂದು ಅಂಜಿಕೆ ಅಂಟಿಕೊಂಡಿದೆ. ಡೊನೇಷನ್ ಎಂಬ ಮಾತಿಗೆ ಆದಷ್ಟು ಅನ್ಯಾಯ ಬೇರೆ ಯಾವುದಕ್ಕೂ ಆಗಿಲ್ಲ. ಲ್ಯಾಟಿನ್ನಿನ ದೋನುಮ್, ನಮ್ಮ ದಾನ ಎರಡಕ್ಕೂ ಬೇರು ಒಂದೇ ಎಂದು ಭಾಷಾಶಾಸ್ತ್ರ ಬಲ್ಲವರು ಹೇಳುತ್ತಾರೆ. ಅಂಥ ಮಾತು ನಮ್ಮಲ್ಲಿ, ಮಗುವಿನ ಸೀಟಿಗಾಗಿ ಒಡವೆ ಅಡವಿಟ್ಟು ಕಟ್ಟುವ ಹಣ ಎಂಬ ಅರ್ಥಕ್ಕೆ ಇಳಿಯಿತು. 1984ರಲ್ಲಿ ಕರ್ನಾಟಕ ಅದನ್ನು ನಿಷೇಧಿಸಿ ಕಾನೂನು ಮಾಡಬೇಕಾಯಿತು. ಬಲವಂತವಾಗಿ ಕಿತ್ತುಕೊಂಡದ್ದಕ್ಕೆ ದಾನದ ಹೆಸರಿಟ್ಟರೆ, ಆ ಹೆಸರು ಕೇಳಿ ಬೆಳೆದ ಮಗುವಿಗೆ ಡೊನೇಟ್ ಎಂಬ ಕ್ರಿಯಾಪದದಲ್ಲಿ ಒಳ್ಳೆಯದೇನಾದರೂ ಇದೆ ಎಂದು ಹೇಗೆ ನಂಬಿಸುವುದು?

ಶಾಲೆಯ ಸ್ಥಿತಿಯೂ ನೋಯಿಸುವಂಥದೇ. ಮಕ್ಕಳ ನೋಟ್‌ಬುಕ್ ತೆಗೆದು ನೋಡಿ. ಹೆಲ್ಪ್ ಎಂದರೆ ಸಹಾಯ. ಏಯ್ಡ್ ಎಂದರೆ ಸಹಾಯ. ಅಸಿಸ್ಟ್ ಎಂದರೆ ಸಹಾಯ. ಸಪೋರ್ಟ್ ಎಂದರೆ ಸಹಾಯ. ನಾಲ್ಕು ಸಾಲು, ನಾಲ್ಕಕ್ಕೂ ಒಂದೇ ಉತ್ತರ, ಪಕ್ಕದಲ್ಲಿ ಕೆಂಪು ಶಾಯಿಯ ಸರಿ ಗುರುತು. ಮಗು ಪರೀಕ್ಷೆಯಲ್ಲಿ ಪಾಸಾಗುತ್ತದೆ. ಇಂಗ್ಲಿಷ್ ಮಾತ್ರ ಬಂದಿರುವುದಿಲ್ಲ. ಆ ನಾಲ್ಕು ಮಾತುಗಳಲ್ಲಿ ಕೊಡುವವನು ನಿಲ್ಲುವ ಜಾಗ ಬೇರೆ ಬೇರೆ. ಒಬ್ಬ ದೂರದಿಂದ ಕಳಿಸುತ್ತಾನೆ, ಒಬ್ಬ ಪಕ್ಕದಲ್ಲಿ ನಿಲ್ಲುತ್ತಾನೆ, ಒಬ್ಬ ಕೆಳಗೆ ನಿಂತು ಹೊರುತ್ತಾನೆ. ಈ ಜಾಗಗಳನ್ನು ತೋರಿಸದೆ ಪದ ಕಲಿಸಲು ಆಗದು. ತೋರಿಸುವುದಕ್ಕೆ ದೂರ ಹೋಗಬೇಕಾಗಿಯೂ ಇಲ್ಲ. ಬೆಳಕವಾಡಿಯ ಸುತ್ತಮುತ್ತಲೇ ಅವೆಲ್ಲ ನಡೆದಿವೆ, ಈಗಲೂ ನಡೆಯುತ್ತಿವೆ. ನಮ್ಮ ಮೇಷ್ಟರುಗಳಿಗೆ, ಮೇಡಂಗಳಿಗೆ, ಮಕ್ಕಳ ತಂದೆತಾಯಿಯರಿಗೆ ನಾನು ಇವತ್ತು ಹೇಳಬೇಕೆಂದಿರುವುದು ಇದನ್ನೇ.

ಸಪೋರ್ಟ್ ಎಂಬ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಲ್ಯಾಟಿನ್ನಿನಲ್ಲಿ ಅದರ ಮೂಲಾರ್ಥ ಕೆಳಗಿನಿಂದ ಹೊರುವುದು. ಶಿವನಸಮುದ್ರದಲ್ಲಿ ಕಾವೇರಿ ಎರಡಾಗಿ ಸೀಳಿ ನಡುವೆ ದ್ವೀಪ ಬಿಡುತ್ತಾಳೆ. ಒಂದು ಕವಲು ಗಗನಚುಕ್ಕಿಯಾಗಿ, ಇನ್ನೊಂದು ಭರಚುಕ್ಕಿಯಾಗಿ ಧುಮುಕುತ್ತದೆ. ಆ ದ್ವೀಪಕ್ಕೆ ಹೋಗಿಬರಲು ಹಳೆಯ ಕಲ್ಲುಸೇತುವೆಗಳಿವೆ. ನಮ್ಮ ಜನ ವೆಸ್ಲಿ ಸೇತುವೆ ಎನ್ನುವುದು ಅವುಗಳಲ್ಲಿ ಒಂದನ್ನು. ಅದರಲ್ಲಿ ಕಮಾನಿಲ್ಲ. ಹೊಳೆಯ ತಳದ ಬಂಡೆಯ ಮೇಲೆಯೇ ಕಡಿದ ಕಲ್ಲಿನ ಕಂಬಗಳನ್ನು ಸಾಲುಸಾಲಾಗಿ ನಿಲ್ಲಿಸಿ, ಕಂಬದ ತಲೆಯ ಮೇಲೆ ಕಲ್ಲಿನ ತೊಲೆ ಹಾಸಿ, ಅದರ ಮೇಲೆ ದಾರಿ ಮಾಡಿದ್ದಾರೆ. ಬೇಸಿಗೆಯಲ್ಲಿ ನೀರು ಇಳಿದಾಗ ಕಂಬಗಳು ಬುಡದವರೆಗೂ ಕಾಣುತ್ತವೆ. ಒಂದೊಂದು ಕಂಬವೂ ಒರಟು, ಯಾವುದಕ್ಕೂ ಅಲಂಕಾರವಿಲ್ಲ. ತೊಲೆ ಕಂಬದ ಮೇಲೆ ಕೂರುವ ಜಾಗವನ್ನು ಬೆರಳಿಟ್ಟು ತೋರಿಸಿ, ಇದೇ ಸಪೋರ್ಟ್ ಎಂದು ಹೇಳಿದರೆ, ಮುಂದೆ ಜೀವನದಲ್ಲಿ ಯಾರನ್ನಾದರೂ ಸಪೋರ್ಟ್ ಮಾಡುವುದು ಎಂದರೆ ಏನು ಎಂದು ಆ ಮಗುವಿಗೆ ಬೇರೆ ಹೇಳಬೇಕಾಗಿಲ್ಲ. ಕನ್ನಡದ ಬೆಂಬಲದಲ್ಲಿ ಬೆನ್ನಿನ ಹಿಂದೆ ನಿಲ್ಲುವ ಬಲವಿದೆ. ಇಂಗ್ಲಿಷಿನದು ಅಡಿಯಲ್ಲಿ ನಿಂತು ಹೊರುವ ಬಲ.

ಈ ಸೇತುವೆಗಳ ಹಿಂದೆ ಒಬ್ಬ ಮನುಷ್ಯನಿದ್ದಾನೆ. ತಿರುಚಿರಾಪಳ್ಳಿಯ ರಾಮಸ್ವಾಮಿ ಮೊದಲಿಯಾರ್. ಮೈಸೂರಿನ ಬ್ರಿಟಿಷ್ ರೆಸಿಡೆಂಟರ ಕೈಕೆಳಗೆ ನಂಬಿಕೆಯ ನೌಕರನಾಗಿದ್ದವನು. ಪಾಳುಬಿದ್ದಿದ್ದ ಹಳೆಯ ಸೇತುವೆಗಳನ್ನು ಸ್ವಂತ ಹಣ ಹಾಕಿ ಎತ್ತಿ ನಿಲ್ಲಿಸಿದವನು ಅವನು. 1830ರ ದಶಕದ ಮೊದಲ ವರ್ಷಗಳ ಹೊತ್ತಿಗೆ ಕೆಲಸ ಮುಗಿದಿತ್ತು. ಅದಕ್ಕಾಗಿ ಬ್ರಿಟಿಷ್ ಸರ್ಕಾರವೂ ಮೈಸೂರು ಸಂಸ್ಥಾನವೂ ಅವನಿಗೆ ಜಹಗೀರಿಯಾಗಿ ಹಳ್ಳಿಗಳನ್ನು ಕೊಟ್ಟವು; ಜನೋಪಕಾರ ಕಾಮಕರ್ತ ಎಂಬ ಬಿರುದೂ ಬಂತು. ಒಂದು ಸೇತುವೆಗೆ ಇಟ್ಟ ಹೆಸರು ಗವರ್ನರ್ ಜನರಲ್ ಆಗಿದ್ದ ವೆಲ್ಲೆಸ್ಲಿಯದು (ಅದೇ ಜನರ ಬಾಯಲ್ಲಿ ವೆಸ್ಲಿ), ಇನ್ನೊಂದಕ್ಕೆ ಮದರಾಸಿನ ಗವರ್ನರ್ ಲಷಿಂಗ್ಟನ್ನಿನದು. ಹಣ ಸುರಿದವನ ಹೆಸರು ಸೇತುವೆಗಳಿಗೆ ಬರಲಿಲ್ಲ, ಜನರ ಬಾಯಲ್ಲೂ ಉಳಿಯಲಿಲ್ಲ. ನನಗೆ ಇದು ಇವತ್ತಿಗೂ ಸರಿ ಕಾಣುವುದಿಲ್ಲ.

ಜಹಗೀರು ಸಿಕ್ಕ ಮೇಲೆ ಅದು ಔದಾರ್ಯ ಹೇಗಾದೀತು ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಇಂಗ್ಲಿಷಿನಲ್ಲಿ ಇದಕ್ಕೆ ತಕ್ಕ ಮಾತುಗಳಿವೆ: ಬೆನಿಫ್ಯಾಕ್ಟರ್ ಎಂದರೆ ಒಳಿತು ಮಾಡಿದವನು, ರಿವಾರ್ಡ್ ಎಂದರೆ ಮಾಡಿದ್ದಕ್ಕೆ ಬಂದ ಪ್ರತಿಫಲ. ಪ್ರತಿಫಲ ಬಂದಿತೆಂದು ಮಾಡಿದ ಒಳಿತು ಅಳಿಸಿಹೋಗುವುದಿಲ್ಲ. ಆ ಕಲ್ಲುಕಂಬಗಳು ಎತ್ತಿನ ಗಾಡಿ ಹೊತ್ತವು, ಚಿಕ್ಕಲ್ಲೂರಿನ ಜಾತ್ರೆಗೆ ಹೋಗುವವರನ್ನು ಹೊತ್ತವು. 2018ರ ಆಗಸ್ಟ್‌ನ ಪ್ರವಾಹದಲ್ಲಿ ವೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋಯಿತು. ಅಷ್ಟು ಹೊತ್ತಿಗೆ ಅದಕ್ಕೆ ಸುಮಾರು ಇನ್ನೂರು ವರ್ಷವಾಗುತ್ತ ಬಂದಿತ್ತು. ಅದನ್ನು ಉಳಿಸಿಕೊಳ್ಳುವುದು ನಮ್ಮ ಹೊಣೆ ಎಂಬುದರಲ್ಲಿ ಎರಡು ಮಾತಿಲ್ಲ.

ಇನ್ನು ಜೆನರಸ್ ಎಂಬ ಮಾತು. ಇದರ ಹುಟ್ಟು ತಿಳಿದಾಗ ನನಗೆ ಕಸಿವಿಸಿಯಾಗಿತ್ತು. ಲ್ಯಾಟಿನ್ನಿನಲ್ಲಿ ಅದಕ್ಕೆ ಕುಲೀನ, ದೊಡ್ಡ ಮನೆತನದಲ್ಲಿ ಹುಟ್ಟಿದವನು ಎಂಬ ಅರ್ಥ. ಕೊಡುವ ಗುಣ ದೊಡ್ಡ ಕುಲದವರಿಗೆ ಮಾತ್ರ ಇರುತ್ತದೆ ಎಂದು ನಂಬಿದ್ದ ಕಾಲದ ಮಾತು ಅದು. ಇಂಗ್ಲಿಷು ಬೆಳೆಯುತ್ತ ಬೆಳೆಯುತ್ತ ಕುಲವನ್ನು ಕಳಚಿಹಾಕಿ ಗುಣವನ್ನಷ್ಟೇ ಉಳಿಸಿಕೊಂಡಿತು. ಹಾಗೆ ಕಳಚಿದ್ದು ಎಷ್ಟು ಸರಿ ಎಂಬುದಕ್ಕೆ ನಮ್ಮ ಮಳವಳ್ಳಿ ತಾಲ್ಲೂಕಿನಲ್ಲೇ ಸಾಕ್ಷಿ ಇದೆ.

ದಾಸನದೊಡ್ಡಿಯ ಕಾಮೇಗೌಡರು ಕುರಿ ಮೇಯಿಸುತ್ತಿದ್ದವರು. ಊರ ಪಕ್ಕದ ಬೆಟ್ಟದಲ್ಲಿ ಕುರಿ ಬಿಟ್ಟಾಗ ಅಲ್ಲಿ ಎಲ್ಲೂ ನೀರಿಲ್ಲದ್ದನ್ನು ಕಂಡರು. ಕುರಿಗೇನೋ ಸಂಜೆ ದೊಡ್ಡಿಗೆ ಹೋದರೆ ನೀರು ಸಿಗುತ್ತದೆ. ಅಲ್ಲೇ ಇರುವ ಹಕ್ಕಿಗಳಿಗೆ, ಕಾಡುಪ್ರಾಣಿಗಳಿಗೆ ಯಾರು ಕೊಡುತ್ತಾರೆ ಎಂಬ ಯೋಚನೆ ಅವರಿಗೆ ಬಂತು. ಗುಂಡಿ ತೋಡಲು ಶುರುಮಾಡಿದರು. ಕುರಿ ಮಾರಿದ ಹಣ ಸಲಕರಣೆಗೆ ಹೋಯಿತು, ಕೂಲಿಗೆ ಹೋಯಿತು. ಒಂದು ಕಟ್ಟೆ ಆದ ಮೇಲೆ ಇನ್ನೊಂದು. ಬೆಟ್ಟದಲ್ಲಿ ಗಿಡ ನೆಟ್ಟರು. ಮುಂದೆ ಪ್ರಶಸ್ತಿಗಳು ಬಂದಾಗ ಆ ಹಣವನ್ನೂ ಕಟ್ಟೆಗಳಿಗೇ ಹಾಕಿದರು. 28 ಜೂನ್ 2020ರಂದು ಪ್ರಧಾನಿಯವರು ಮನ್ ಕಿ ಬಾತ್ ಕಾರ್ಯಕ್ರಮದಲ್ಲಿ ಇವರ ಹೆಸರೆತ್ತಿ ಹದಿನಾರು ಕಟ್ಟೆಗಳ ಮಾತು ಹೇಳಿದಾಗ ದೇಶವೆಲ್ಲ ಕೇಳಿತು. ನಾನೀಗ ಮಾತಾಡುತ್ತಿರುವ ಇದೇ ರೇಡಿಯೊದಲ್ಲಿ ಕೇಳಿತು ಎಂಬುದು ನನಗೆ ಹೆಚ್ಚು ಸಂತೋಷದ ಸಂಗತಿ. ಆಮೇಲೆ ಕೆ.ಎಸ್.ಆರ್.ಟಿ.ಸಿ. ಅವರಿಗೆ ಜೀವನಪರ್ಯಂತ ಉಚಿತ ಬಸ್ ಪಾಸ್ ಕೊಟ್ಟಿತು. 2022ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು.

ಇಲ್ಲಿ ಪಡೆದವರು ಯಾರು ಎಂದು ಮಕ್ಕಳನ್ನು ಕೇಳಬೇಕು. ನವಿಲು, ಜಿಂಕೆ, ಯಾರದೋ ಮನೆಯ ಆಡು. ಅವು ಋಣ ತೀರಿಸುವುದಿಲ್ಲ, ಕೃತಜ್ಞತೆ ಹೇಳುವುದಿಲ್ಲ, ವೋಟು ಹಾಕುವುದಿಲ್ಲ. ತಿರುಗಿ ಏನನ್ನೂ ಕೊಡಲಾಗದವರಿಗೆ ಕೊಡುವುದೇ ಇಂಗ್ಲಿಷಿನ ಜೆನರಸ್ ಎಂಬ ಮಾತಿನ ತಿರುಳು. ಸೆಲ್ಫ್‌ಲೆಸ್ ಎಂಬ ಮಾತನ್ನೂ ಇಲ್ಲೇ ಕಲಿಸಿಬಿಡಬಹುದು.

ಆದರೆ ಒಂದು ಎಚ್ಚರಿಕೆ. ಎಲ್ಲ ಕೊಡುಗೆಯನ್ನೂ ಈ ತಕ್ಕಡಿಯಲ್ಲೇ ತೂಗಿದರೆ ತಪ್ಪಾಗುತ್ತದೆ. ನಮ್ಮ ಮಂಡ್ಯ ಸೀಮೆಯ ದಿನನಿತ್ಯದ ಬದುಕು ನಿಂತಿರುವುದು ತಿರುಗಿ ಕೊಡುವ ಕೊಡುಗೆಯ ಮೇಲೆ, ಅದೇ ಮುಯ್ಯಿ. ನಾಟಿಯ ಕಾಲದಲ್ಲಿ ಗದ್ದೆಯಿಂದ ಗದ್ದೆಗೆ, "ನಾಳೀಕೆ ಮುಯ್ಯಾಳಿಗೆ ಬತ್ತೀಯೇನವ್ವ?" ಎಂದು ಕೂಗುತ್ತಾರೆ. "ಬತ್ತೀನಿ ಕಣವ್ವ, ನಂದು ಬುಧವಾರ" ಎಂದು ಉತ್ತರ. ನಾಳೆ ನಾನು ನಿನ್ನ ಗದ್ದೆಯಲ್ಲಿ ಬಗ್ಗಿ ನೆಟ್ಟರೆ ಬುಧವಾರ ನೀನು ನನ್ನ ಗದ್ದೆಯಲ್ಲಿ. ದುಡ್ಡಿನ ಮಾತಿಲ್ಲ, ಕಾಗದವಿಲ್ಲ, ಮರೆತವರೂ ಇಲ್ಲ. ಇಂಗ್ಲಿಷಿನಲ್ಲಿ ಲೆಂಡ್ ಎ ಹ್ಯಾಂಡ್ ಎಂಬ ನುಡಿಗಟ್ಟು ಇದೆಯಲ್ಲ, ನಮ್ಮ ಪಠ್ಯಗಳು ಅದನ್ನೂ ಸಹಾಯ ಎಂದೇ ಹೇಳಿ ಮುಗಿಸುತ್ತವೆ. ಲೆಂಡ್ ಎಂದರೆ ಸಾಲ ಕೊಡುವುದು. ಕೈಯನ್ನು ಸಾಲ ಕೊಡುವುದು! ಮುಯ್ಯಾಳು ಮಾಡುವುದು ಅಕ್ಷರಶಃ ಅದನ್ನೇ. ಬೆಳಕವಾಡಿಯ ಮಗುವಿಗೆ ಈ ನುಡಿಗಟ್ಟನ್ನು ಕಂಠಪಾಠ ಮಾಡಿಸುವ ಅಗತ್ಯವೇ ಇಲ್ಲ. ಅದರ ಅಮ್ಮ ಅದನ್ನು ಪ್ರತಿ ವರ್ಷ ಮಾಡುತ್ತಾಳೆ. ಒಟ್ಲಿನಿಂದ ಪೈರು ಕಿತ್ತು, ಕಟ್ಟು ಕಟ್ಟಿ, ನೆಡುವವರ ಕೈಗೆಟಕುವಂತೆ ಗದ್ದೆಯ ನಡುವೆ ಎಸೆಯುತ್ತ ಹೋಗುವವನು ಅಸಿಸ್ಟ್ ಎಂಬ ಮಾತಿಗೆ ಸರಿಯಾದ ಉದಾಹರಣೆ. ನೆಡುವ ಕೆಲಸ ಅವನದಲ್ಲ, ಅವನಿಲ್ಲದೆ ನಾಟಿ ಸಾಗುವುದೂ ಇಲ್ಲ.

ಮದುವೆಯ ಮುಯ್ಯಿಯಲ್ಲಿ ಇನ್ನೂ ಸೂಕ್ಷ್ಮವಿದೆ. ಚಪ್ಪರದ ಒಂದು ಮಗ್ಗುಲಲ್ಲಿ ಮೇಜು ಹಾಕಿಕೊಂಡು, ಅಕ್ಷರ ದುಂಡಗೆ ಬರೆಯುವ ಒಬ್ಬರು ಉದ್ದನೆಯ ಪುಸ್ತಕದೊಂದಿಗೆ ಕೂತಿರುತ್ತಾರೆ. ಮೊದಲ ಹಾಳೆಯ ನೆತ್ತಿಯ ಮೇಲೆ ಶ್ರೀ, ನಾಲ್ಕು ಮೂಲೆಗೆ ಅರಿಸಿನ. ಹೆಸರು, ತಂದೆಯ ಹೆಸರು, ಊರು, ಹಣ. ಮುಯ್ಯಿ ಓದಿಸಿ ಬಂದೆವು ಎಂದರೆ ಆ ಪುಸ್ತಕದಲ್ಲಿ ನಮ್ಮ ಹೆಸರು ಬರೆಸಿ ಬಂದೆವು ಎಂದು ಅರ್ಥ. ಮದುವೆ ಮುಗಿದ ಮೇಲೆ ಆ ಪುಸ್ತಕ ಪೆಟ್ಟಿಗೆ ಸೇರುತ್ತದೆ. ಹತ್ತು ವರ್ಷದ ಬಳಿಕ ಮುಯ್ಯಿ ಹಾಕಿದವರ ಮನೆಯಲ್ಲಿ ಮದುವೆ ಬಂದಾಗ ಹೊರಗೆ ಬರುತ್ತದೆ. ಅವರು ಎಷ್ಟು ಹಾಕಿದ್ದರು ಎಂದು ನೋಡಿ, ಅದಕ್ಕಿಂತ ಒಂದಿಷ್ಟು ಸೇರಿಸಿಯೇ ಹಾಕಬೇಕು. ಸರಿಗೆ ಸರಿ ಹಾಕಿದರೆ ಲೆಕ್ಕ ಚುಕ್ತಾ ಮಾಡಿ ನಂಟು ಹರಿದುಕೊಂಡಂತೆ ಕಾಣುತ್ತದೆ ಎಂದು ಹಿರಿಯರು ಹೇಳುತ್ತಾರೆ. ಹೆಚ್ಚಿಗೆ ಹಾಕಿದ ಆ ಸ್ವಲ್ಪವೇ ಮುಂದಿನ ಬರುಹೋಗನ್ನು ಕಾಯುತ್ತದೆ. ಇಂಗ್ಲಿಷಿನ ರಿಸಿಪ್ರೊಕೇಟ್ ಎಂಬ ಉದ್ದನೆಯ ಮಾತನ್ನು ಇಷ್ಟು ಚೆನ್ನಾಗಿ ವಿವರಿಸುವ ನಿಘಂಟನ್ನು ನಾನು ಕಂಡಿಲ್ಲ. ಎಲ್ಲರೂ ಕೈಲಾದಷ್ಟು ಹಾಕಿ ಒಬ್ಬರ ಭಾರ ಇಳಿಸುವ ಕಾಂಟ್ರಿಬ್ಯೂಟ್ ಎಂಬುದೂ ಅದೇ ಪುಸ್ತಕದಲ್ಲಿದೆ. ಬಡವನ ಹತ್ತು ರೂಪಾಯಿಗೂ ಒಂದು ಸಾಲು, ಉಳ್ಳವನ ಸಾವಿರಕ್ಕೂ ಒಂದೇ ಸಾಲು.

ಷೇರ್ ಎಂಬ ಮಾತು ಈಗ ಮೊಬೈಲಿನಲ್ಲಿ ಚಿತ್ರ ಕಳಿಸುವುದಕ್ಕೆ ಮೀಸಲಾಗಿಬಿಟ್ಟಿದೆ. ಅದಕ್ಕೆ ಅನ್ನದ ವಾಸನೆ ಬರಬೇಕಾದರೆ, ಈ ಸೀಮೆಯ ಜನ ಗುರುವೆಂದು ನಡೆದುಕೊಳ್ಳುವ ಮಂಟೇಸ್ವಾಮಿಯ ಒಕ್ಕಲಿನವರನ್ನು ನೋಡಬೇಕು. ಮಂಟೇಸ್ವಾಮಿಯ ಗದ್ದುಗೆ ಇರುವ ಬೊಪ್ಪೇಗೌಡನಪುರ ಬೆಳಕವಾಡಿಗೆ ಹತ್ತಿರ. ಹೊಳೆಯಾಚೆ ಚಿಕ್ಕಲ್ಲೂರಿನಲ್ಲಿ ಅವರ ಶಿಷ್ಯ ಸಿದ್ದಪ್ಪಾಜಿಯ ನೆಲೆ. ಬನದ ಹುಣ್ಣಿಮೆಗೆ ಶುರುವಾಗುವ ಅಲ್ಲಿನ ಐದು ದಿನದ ಜಾತ್ರೆಯಲ್ಲಿ ಚಂದ್ರಮಂಡಲ ಹೊತ್ತಿಸುವ ರಾತ್ರಿ ಎಷ್ಟು ಮುಖ್ಯವೋ ಪಂಕ್ತಿಸೇವೆಯ ದಿನವೂ ಅಷ್ಟೇ ಮುಖ್ಯ. ಬಯಲಲ್ಲಿ ಬಿಡಾರ ಹೂಡಿ, ಕಲ್ಲಿನ ಒಲೆ ಹೂಡಿ, ಅಟ್ಟದ್ದನ್ನು, ಬಂಧುಗಳನ್ನೂ ಗುರುತಿಲ್ಲದವರನ್ನೂ ಯಾವ ಜಾತಿಯವರೆಂದು ಕೇಳದೆ ಕೂರಿಸಿಕೊಂಡು ಉಣ್ಣುತ್ತಾರೆ. ಎತ್ತರದಲ್ಲಿ ನಿಂತು ಬಡಿಸಿ ಹೋಗುವ ಚಾರಿಟಿ ಬೇರೆ, ಬಡಿಸಿದವನೂ ಅದೇ ಸಾಲಿನಲ್ಲಿ ಕೂತು ಉಣ್ಣುವ ಷೇರಿಂಗ್ ಬೇರೆ. ಎರಡರ ನಡುವಿನ ಈ ಅಂತರವನ್ನು ಶಾಲೆಯ ಬೋರ್ಡಿನ ಮೇಲೆ ಬರೆದು ತಿಳಿಸುವುದು ಕಷ್ಟ. ಆ ಪಂಕ್ತಿಯಲ್ಲಿ ಒಂದು ಸಲ ಕೂತ ಮಗು ಮರೆಯುವುದೇ ಇಲ್ಲ.

ಕೊಡುವ ಮಾತುಗಳ ಜೊತೆಗೆ ಕೊಡದಿರುವ ಮಾತುಗಳನ್ನೂ ಕಲಿಸಬೇಕು. ರೆಫ್ಯೂಸ್, ಡಿನೈ, ವಿತ್‌ಹೋಲ್ಡ್. ಅದಕ್ಕೂ ನಮ್ಮಲ್ಲೇ ಕಥೆಯಿದೆ. ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ, ಮದ್ದೂರು ಸೀಮೆಯ ನಿಡುಘಟ್ಟದ ಕೆಂಪಾಚಾರಿ ಸಿದ್ದಪ್ಪಾಜಿಯಾದ ಮೇಲೆ ಗುರು ಅವನನ್ನು ಹಲಗೂರಿಗೆ ಕಳಿಸುತ್ತಾರೆ. ಹಲಗೂರು ನಮ್ಮ ಮಳವಳ್ಳಿ ತಾಲ್ಲೂಕಿನದೇ, ಕುಲುಮೆಗಳಿಗೆ ಹೆಸರಾಗಿದ್ದ ಊರು. ಅಲ್ಲಿನ ಪಾಂಚಾಳರ ಬಾಗಿಲಲ್ಲಿ ನಿಂತು ಅವನು ಬೇಡುವುದು ಅಕ್ಕಿಯನ್ನಲ್ಲ, ಕಬ್ಬಿಣವನ್ನು. ಅವರು ಕೊಡಲೊಲ್ಲರು. ಬೇಡಿದವನನ್ನು ಗೇಲಿ ಮಾಡುತ್ತಾರೆ, ಒಂದರ ಮೇಲೊಂದು ಪರೀಕ್ಷೆ ಒಡ್ಡುತ್ತಾರೆ, ವಿಷ ಹಾಕಿದ ಅನ್ನ ಬಡಿಸುತ್ತಾರೆ. ಕೊನೆಗೆ ಸೋಲುವವರು ಅವರೇ. ಇದ್ದೂ ಇಲ್ಲವೆನ್ನುವುದು ಎಂಥ ದೊಡ್ಡ ಕೇಡು ಎಂದು ಹಾಡುಗಾರರು ಈ ಭಾಗವನ್ನು ಹಾಡುವಾಗ ಕೇಳಿದವರಿಗೆ ಗೊತ್ತು. ಎಂಟನೇ ತರಗತಿಯ ಹುಡುಗ ಈ ಕಥೆಯನ್ನು ಇಂಗ್ಲಿಷಿನ ಹತ್ತು ಸಣ್ಣ ವಾಕ್ಯಗಳಲ್ಲಿ ಹೇಳಲಿ. ಬೆಗ್ ಮತ್ತು ಆಸ್ಕ್ ಎರಡಕ್ಕೂ ಇರುವ ಭೇದ ಅವನಿಗೆ ತಾನಾಗಿ ಗೊತ್ತಾಗುತ್ತದೆ.

ಇಂಗ್ಲಿಷ್ ಕಲಿಸಲು ಕನ್ನಡದ ಕಥೆ ಏಕೆ ಎಂದು ಕೆಲವರು ಹುಬ್ಬೇರಿಸಬಹುದು. ಎರಡು ಭಾಷೆಗಳ ನಡುವೆ ಕೊಡುಕೊಳ್ಳುವಿಕೆ ನಡೆಸಿದವರೆಲ್ಲ ಇದನ್ನೇ ಮಾಡಿದ್ದು. ಜರ್ಮನಿಯಿಂದ ಬಂದ ಕಿಟ್ಟೆಲ್ ಕನ್ನಡ ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಹೊರತಂದದ್ದು ಈ ನೆಲದ ಗಾದೆ, ಕಾವ್ಯ, ಜನರ ಮಾತು ಎಲ್ಲವನ್ನೂ ವರ್ಷಗಟ್ಟಲೆ ಕೂಡಿಹಾಕಿದ ಮೇಲೆ. ನಮ್ಮ ಮಂಡ್ಯ ಜಿಲ್ಲೆಯ ಗಂಜಾಂನಲ್ಲಿ 1913ರಲ್ಲಿ ಹುಟ್ಟಿದ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು ನೂರು ವರ್ಷ ದಾಟಿದ ಮೇಲೂ ಪದದ ಅರ್ಥ ಕೇಳಿದವರಿಗೆ ಬೇಸರಿಸದೆ ಉತ್ತರ ಹೇಳುತ್ತಿದ್ದರು. ಅದೂ ಒಂದು ದೊಡ್ಡ ದಾನವೇ. ನಾನು ಮಾತಾಡುತ್ತಿರುವ ಈ ಆಕಾಶವಾಣಿಯೂ ಅಂಥದೇ ಒಂದು ಕೊಡುಗೆಯಿಂದ ಹುಟ್ಟಿದ್ದು. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ವಿಠ್ಠಲ ವಿಹಾರದಲ್ಲಿ ಸ್ವಂತ ಖರ್ಚಿನಲ್ಲಿ ಪ್ರಸಾರ ಆರಂಭಿಸಿದರು. ಮುಂದೆ ಸಂಸ್ಥಾನದ ಸರ್ಕಾರ ಅದನ್ನು ವಹಿಸಿಕೊಂಡಿತು. ಆಕಾಶವಾಣಿ ಎಂಬ ಹೆಸರು ದೇಶಕ್ಕೆಲ್ಲ ಹಬ್ಬಿತು. ಫೌಂಡರ್, ಪೇಟ್ರನ್ ಎಂಬ ಮಾತುಗಳಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೆ?

ಹಾಗಾಗಿ ಮಳವಳ್ಳಿ, ಮದ್ದೂರು, ಮಂಡ್ಯದ ಶಾಲೆಗಳ ಇಂಗ್ಲಿಷ್ ಉಪಾಧ್ಯಾಯರಲ್ಲಿ ನನ್ನ ಬಿನ್ನಹ ಇಷ್ಟು. ಪದಗಳ ಪಟ್ಟಿಯನ್ನು ಒಂದು ವಾರ ಬದಿಗಿಡಿ. ಮಕ್ಕಳು ಮನೆಯ ಪೆಟ್ಟಿಗೆಯಿಂದ ಮುಯ್ಯಿ ಪುಸ್ತಕ ತೆಗೆಸಿ, ಅಜ್ಜಿಯನ್ನೋ ತಾತನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಓದಲಿ. ಹಣದ ಲೆಕ್ಕ ಮನೆಯಲ್ಲೇ ಇರಲಿ, ಅದನ್ನು ತರಗತಿಗೆ ತರುವುದು ಬೇಡ. ಯಾರು ಯಾರಿಗೆ ಯಾವಾಗ ಆಗಿಬಂದರು ಎಂಬ ಕಥೆ ಬರಲಿ. ಗೇವ್, ಲೆಂಟ್, ಬಾರೋಡ್, ರಿಟರ್ನ್ಡ್, ಓವ್ಸ್, ಹೆಲ್ಪ್ಡ್, ಸಪೋರ್ಟೆಡ್: ಇಷ್ಟು ಕ್ರಿಯಾಪದಗಳಲ್ಲಿ ಯಾವುದು ಯಾವ ಕಥೆಗೆ ಹೊಂದುತ್ತದೆ ಎಂದು ಮಕ್ಕಳೇ ತರಗತಿಯಲ್ಲಿ ವಾದ ಮಾಡಲಿ. ವಾದ ಜೋರಾದರೂ ಚಿಂತೆಯಿಲ್ಲ, ತಡೆಯಬೇಡಿ. ವಾಕ್ಯದಲ್ಲಿ ವ್ಯಾಕರಣ ತಪ್ಪಿದರೆ ಆಮೇಲೆ ತಿದ್ದಬಹುದು. ಆ ವಾಕ್ಯಗಳಲ್ಲಿ ಚೆನ್ನಾಗಿರುವುದನ್ನು ಆಯ್ದು ಗೋಡೆಪತ್ರಿಕೆಗೆ ಹಾಕಿ, ಅದನ್ನು ಓದಿ ಕೇಳಿಸಲು ಆ ಅಜ್ಜಿಯರನ್ನೂ ಒಂದು ದಿನ ಶಾಲೆಗೆ ಕರೆಸಿ.